ನೀರುಕಾಗೆ ಮೇಷ್ಟ್ರು

ನಮ್ಮ ಕಾಲೇಜಿನ ಮೈಕ್ರೋಬಯಾಲಜಿ ಲ್ಯಾಬಿಗೆ ಈಗ ಅವರ ಹೆಸರಿಟ್ಟಿದ್ದಾರೆ. ಬಾಗಿಲ ಮೇಲೆ ಕಪ್ಪು ಗ್ರಾನೈಟು, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ. ಅನಾವರಣದ ದಿನ ಆಡಳಿತ ಮಂಡಳಿಯವರಿಗೆಲ್ಲ ಶಾಲು, ಹಣ್ಣಿನ ಬುಟ್ಟಿ, ಆಮೇಲೆ ಖಾರಾ ಮಂಡಕ್ಕಿ, ಮಿರ್ಚಿ, ಚಹಾ. ಕೆಟ್ಟುಹೋದ ಇನ್‌ಕ್ಯುಬೇಟರ್ ರಿಪೇರಿ ಮಾಡಿಸಿಕೊಡಿ ಎಂದು ಅವರು ಅಲೆದಲೆದು ಚಪ್ಪಲಿ ಸವೆಸಿದ ಅದೇ ಕಾರಿಡಾರಿನಲ್ಲಿ ಅವತ್ತು ಕೆಂಪು ಜಮಖಾನ ಹಾಸಿದ್ದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಹುಡುಗರು ಅವರನ್ನು ನೀರುಕಾಗೆ ಮೇಷ್ಟ್ರು ಅನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಒಂದು ಸಲ ಯಾರೋ ಬೋರ್ಡಿನ ಮೇಲೆ ಕಪ್ಪು ಹಕ್ಕಿ ಬರೆದು ಅದಕ್ಕೆ ಕನ್ನಡಕ ಹಾಕಿದ್ದರು. ಕ್ಲಾಸಿಗೆ ಬಂದವರು ಅದನ್ನು ಸ್ವಲ್ಪ ಹೊತ್ತು ನೋಡಿ, ಚಾಕ್‌ಪೀಸು ತೆಗೆದುಕೊಂಡು ಹಕ್ಕಿಯ ಕೊಕ್ಕಿನ ತುದಿಯನ್ನು ಕೆಳಗೆ ಬಾಗಿಸಿದರು.

"ನೀರುಕಾಗೆ ಕೊಕ್ಕು ತುದ್ಯಾಗೆ ಕೊಂಡಿ ಇರ್ತೈತೆ. ನೀವು ಬರೆದಿದ್ದು ಬೆಳ್ಳಕ್ಕಿ ಕೊಕ್ಕು. ಬೈಯೋದಾದ್ರೂ ಬರೋಬ್ಬರಿ ಬೈರಿ," ಎಂದು ಪಾಠ ಶುರು ಮಾಡಿದರು.

ಆ ಕ್ಲಾಸಿನಲ್ಲಿ ನಾನೂ ಕೂತಿದ್ದೆ. ಮುಂದೆ ಓದು ಮುಗಿಸಿ ಅದೇ ವಿಭಾಗಕ್ಕೆ ಉಪನ್ಯಾಸಕಿಯಾಗಿ ಬಂದಾಗ ಅವರ ಎದುರಿನ ಮೇಜು ನನಗೆ ಸಿಕ್ಕಿತು. ನಾನು ದಾವಣಗೆರೆಯಲ್ಲೇ ಕೆ.ಬಿ. ಬಡಾವಣೆಯಿಂದ ಸ್ಕೂಟಿಯಲ್ಲಿ ಬರುತ್ತಿದ್ದೆ, ಅವರು ಹರಿಹರದಿಂದ ಬಸ್ಸಿನಲ್ಲಿ. ಅಷ್ಟು ವರ್ಷ ಎದುರುಬದುರು ಕೂತರೂ ಅವರು ನನಗೆ ಮೆಚ್ಚುಗೆಯ ಮಾತು ಹೇಳಿದ್ದು ನೆನಪಿಲ್ಲ. ಒಳ್ಳೆಯ ಮನುಷ್ಯರಿದ್ದರು ಎಂದು ಬರೆಯಲೂ ನನಗೆ ಮನಸ್ಸಿಲ್ಲ. ಅದು ಶ್ರದ್ಧಾಂಜಲಿ ಸಭೆಯ ಮಾತು, ಅಲ್ಲಿ ಬೇಕಾದಷ್ಟು ಆಯಿತು. ಅವರು ಸಿಡುಕರು, ಹಟಮಾರಿ, ಯಾರನ್ನೂ ನಂಬದವರು. ಆದರೆ ತಮಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಒಮ್ಮೆಯೂ ಹೇಳಿದವರಲ್ಲ. ನಮ್ಮ ಕಾಲೇಜಿನಲ್ಲಿ ಈ ಮಾತು ಇನ್ನೊಬ್ಬರ ಬಗ್ಗೆ ಹೇಳಲು ನನಗೆ ಧೈರ್ಯ ಬರುವುದಿಲ್ಲ.

ಅವರಿಗೆ ಆಗದ ಪದ 'ಥರ'. ವಿದ್ಯಾರ್ಥಿನಿಯಾಗಿದ್ದಾಗ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, "ಬಣ್ಣ ಗುಲಾಬಿ ಥರ ಕಾಣ್ತೈತೆ ಸರ್," ಅಂದಿದ್ದೆ.

"ಥರ ಅಂದ್ರೆ ಏನವ್ವ? ಗುಲಾಬಿನಾ, ಅಲ್ಲಾ? ನಿಮ್ಮಪ್ಪ ನಿನಗೆ ಗಂಡು ನೋಡಕ್ಕೆ ಹೋದಾಗ 'ಹುಡುಗನ ಥರ ಅದಾನೆ' ಅಂತ ಬಂದ್ರೆ ಒಪ್ತೀಯೇನು?"

ಇಡೀ ಲ್ಯಾಬು ನಕ್ಕಿತು. ನಾನು ಅವತ್ತು ಮನೆಗೆ ಹೋಗಿ ಅತ್ತೆ. ಈಗ ನನ್ನ ವಿದ್ಯಾರ್ಥಿಗಳು 'ಥರ' ಅಂದರೆ ನನಗೂ ಮೈಯೆಲ್ಲ ಉರಿಯುತ್ತದೆ.

ಅವರ ಕೆಲಸ ಹಕ್ಕಿಯ ಹಿಕ್ಕೆಯದು. ಕಾಡುಹಕ್ಕಿಗಳ ಹೊಟ್ಟೆಯಲ್ಲಿ ಎಂಥೆಂಥ ಬ್ಯಾಕ್ಟೀರಿಯಾ ಇರುತ್ತವೆ, ಅವುಗಳಲ್ಲಿ ಯಾವುದಕ್ಕೆ ಹೆಸರಿದೆ, ಯಾವುದಕ್ಕೆ ಇಲ್ಲ ಎಂದು ಹುಡುಕುವುದು. ಬೆಳಕು ಹರಿಯುವ ಹೊತ್ತಿಗೆ ಹರಿಹರದ ಹೊಳೆದಂಡೆಗೆ ಹೋಗಿ, ನೀರುಕಾಗೆಗಳು ಕೂರುವ ಮರದ ಕೆಳಗೆ ಸ್ವಚ್ಛವಾದ ಪ್ಲಾಸ್ಟಿಕ್ ಹಾಳೆ ಹಾಸಿ, ದೂರದಲ್ಲಿ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದರು. ಹಿಕ್ಕೆ ಬಿದ್ದ ತಕ್ಷಣ ಎದ್ದು ಓಡುತ್ತಿದ್ದರು. ಆರಿದರೆ ಕೆಲಸಕ್ಕೆ ಬಾರದು, ನೆಲಕ್ಕೆ ತಗುಲಿದರೂ ಬಾರದು. ಹತ್ತಿ ಸುತ್ತಿದ ಕಡ್ಡಿಯಲ್ಲಿ ಒಂದಿಷ್ಟು ತೆಗೆದು, ಕೊಳವೆಗೆ ಹಾಕಿ, ಐಸ್ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದರು.

"ಏನ್ ಮೇಷ್ಟ್ರೇ, ಐಸ್‌ಕ್ರೀಮಾ?" ಎಂದು ಕಂಡಕ್ಟರು ಕೇಳಿದನಂತೆ.

"ಹೂನಪ್ಪ. ಇಲ್ಲೇ ಹೊಳೆದಂಡ್ಯಾಗೆ ಮಾಡ್ಯಾರ. ಒಂದು ತಿಂತೀಯೇನು?"

ಹೊಳೆಗೆ ಸ್ನಾನಕ್ಕೆ ಬಂದವರು ಮೊದಮೊದಲು ನಿಂತು ನೋಡುತ್ತಿದ್ದರಂತೆ. ಒಬ್ಬ ಅಜ್ಜಿ, "ಓದಿದೋರು, ಹಿಂಗ್ಯಾಕ ಆತು ನಿಮಗೆ?" ಎಂದು ನಿಜವಾದ ಮರುಕದಿಂದ ಕೇಳಿದ್ದಳು ಎಂದು ಅವರೇ ಹೇಳಿ ನಗುತ್ತಿದ್ದರು. ಅವರು ನಗುವುದನ್ನು ನೋಡಬೇಕಾದರೆ ಇಂಥ ಕಥೆಗಳಿಗೆ ಕಾಯಬೇಕಿತ್ತು.

ಅವರದು ಬೆಳಿಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಮನೆತನ. ಹಣೆಯಲ್ಲಿ ವಿಭೂತಿ ತಪ್ಪಿದ ದಿನವಿಲ್ಲ. ಅಂಥವರು ವಾರಕ್ಕೊಮ್ಮೆ ಪೇಟೆಯ ಕುರಿ ಮಾಂಸದ ಅಂಗಡಿಗೆ ಹೋಗುತ್ತಿದ್ದರು. ಈ ಬ್ಯಾಕ್ಟೀರಿಯಾಗಳು ಬೆಳೆಯಬೇಕಾದರೆ ಗಾಜಿನ ಪ್ಲೇಟಿನಲ್ಲಿ ಅವಕ್ಕೆ ಹಾಕುವ ಆಹಾರಕ್ಕೆ ಕುರಿಯ ರಕ್ತ ಬೆರೆಸಬೇಕು. ಗಾಜಿನ ಮಣಿ ಹಾಕಿದ ಬಾಟಲಿಯನ್ನು ಲ್ಯಾಬಿನ ಕುಕ್ಕರಿನಲ್ಲೇ ಕುದಿಸಿ ಶುದ್ಧಮಾಡಿ ಒಯ್ದು, ರಕ್ತ ಹಿಡಿದ ಕೂಡಲೆ ಅಲ್ಲೇ ನಿಂತು ಅಲ್ಲಾಡಿಸಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟುತ್ತದೆ. ಅಂಗಡಿಯ ಯಜಮಾನರು ಇವರಿಗಾಗಿಯೇ ಒಂದು ಸ್ಟೂಲು ಇಟ್ಟಿದ್ದರು.

"ಬರ್ರಿ ಮೇಷ್ಟ್ರೇ, ಕೂಡ್ರಿ. ನಿಮ್ಮ ಹುಳದ ಊಟ ರೆಡಿ ಐತೆ. ಜಲ್ದಿ ಜಲ್ದಿ ಅಲ್ಲಾಡಿಸ್ರಿ ಮತ್ತ."

ವಿಭೂತಿ ಹಚ್ಚಿದ ಮನುಷ್ಯ ಮಾಂಸದಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತು ಬಾಟಲಿ ಅಲ್ಲಾಡಿಸುವುದನ್ನು ನೋಡಿದವರು ಸುಮ್ಮನಿರುತ್ತಾರೆಯೇ? ಮಾತು ನೆಂಟರ ಮನೆಗಳಿಗೆಲ್ಲ ಹೋಯಿತು. ಯಾವುದೋ ಮದುವೆಯಲ್ಲಿ ಇವರನ್ನು ಪಂಕ್ತಿಯ ತುದಿಗೆ ಕೂರಿಸಿದರು ಎಂದು ಅವರ ಹೆಂಡತಿಯಿಂದ ನನಗೆ ತಿಳಿಯಿತು. ಇವರು ಮುಂದಿನ ವಾರ ಎಂದಿನಂತೆ ಬಾಟಲಿ ಹಿಡಿದು ಹೊರಟರು.

ಒಂದು ಚಳಿಗಾಲದಲ್ಲಿ ಅವರ ಪ್ಲೇಟಿನ ಮೇಲೆ ಮಂಜಿನ ಹನಿಯಂಥ ಚಿಕ್ಕ ಚಿಕ್ಕ ಚುಕ್ಕೆಗಳು ಬಂದವು. ಆ ಬ್ಯಾಕ್ಟೀರಿಯಾಕ್ಕೆ ಹೆಚ್ಚು ಗಾಳಿ ಆಗದು. ಪೂರ್ತಿ ಇಲ್ಲದಿದ್ದರೂ ಆಗದು. ಅದಕ್ಕೆಂದೇ ತಯಾರಾದ ಉಪಕರಣ ನಮ್ಮಲ್ಲಿ ಇರಲಿಲ್ಲ. ಇವರು ಅಂಗಡಿಯಲ್ಲಿ ಪೆಪ್ಪರಮೆಂಟು ಇಡುವ ದೊಡ್ಡ ಗಾಜಿನ ಭರಣಿ ತಂದು, ಅದರೊಳಗೆ ಪ್ಲೇಟು ಜೋಡಿಸಿ, ಒಂದು ಮೇಣದಬತ್ತಿ ಹಚ್ಚಿಟ್ಟು ಮುಚ್ಚಳ ಬಿಗಿಮಾಡುತ್ತಿದ್ದರು. ಬತ್ತಿ ತಾನಾಗಿ ಆರುವ ಹೊತ್ತಿಗೆ ಒಳಗಿನ ಗಾಳಿ ಅದಕ್ಕೆ ಹೊಂದುವಷ್ಟಾಗುತ್ತಿತ್ತು. ಭರಣಿಯ ಮುಂದೆ ಕೈಕಟ್ಟಿ ನಿಂತು ಜ್ವಾಲೆ ಸಣ್ಣಗಾಗುವುದನ್ನು ನೋಡುತ್ತಿದ್ದರು. ಆಗ ಯಾರೂ ಮಾತಾಡಿಸುವಂತಿರಲಿಲ್ಲ.

ಬಣ್ಣ ಹಾಕಿ ನೋಡಿದರು, ಸಕ್ಕರೆಗಳನ್ನು ಕೊಟ್ಟು ನೋಡಿದರು, ಬಿಸಿಯಲ್ಲಿ ಇಟ್ಟರು, ಉಪ್ಪಿನಲ್ಲಿ ಇಟ್ಟರು. ಗೊತ್ತಿರುವ ಯಾವುದರ ಜೊತೆಗೂ ಅದು ಪೂರ್ತಿ ಹೊಂದಲಿಲ್ಲ. ಬೆಂಗಳೂರಿಗೆ ಕಳಿಸಿ ಡಿಎನ್ಎ ಓದಿಸಿದರು. ಹತ್ತಿರದ ನೆಂಟನಿಗೂ ಇದಕ್ಕೂ ಒಂದೇ ಪ್ರಭೇದ ಅನ್ನುವಷ್ಟು ಹೋಲಿಕೆ ಇರಲಿಲ್ಲ. ಫಲಿತಾಂಶ ಬಂದ ದಿನ ನಾನು ಕುಣಿಯುವುದೊಂದು ಬಾಕಿ.

"ಹೊಸದು ಸರ್! ಹೊಸ ಪ್ರಭೇದ!"

"ಹೊಸದು ಅನಬ್ಯಾಡವ್ವ. ನಮಗೆ ಗೊತ್ತಿರಲಿಲ್ಲ ಅನ್ನು. ಹಕ್ಕಿ ಹೊಟ್ಟ್ಯಾಗೆ ಅದು ನಮ್ಮ ತಾತ ಮುತ್ತಾತರಿಗಿಂತ ಮೊದಲಿಂದ ಐತೆ."

ಹಾಗೆ ಹೇಳಿದವರೇ ಮಧ್ಯಾಹ್ನ ನನ್ನನ್ನೂ ಅಟೆಂಡರ್ ಅಕ್ಕನನ್ನೂ ಪಿ.ಜೆ. ಬಡಾವಣೆಯ ಹೋಟೆಲಿಗೆ ಕರೆದುಕೊಂಡು ಹೋಗಿ ಬೆಣ್ಣೆ ದೋಸೆ ಕೊಡಿಸಿದರು. ಅದಕ್ಕೆ ಹರಿಹರದ ಹೆಸರಿಡುತ್ತೇನೆ ಎಂದು ಅಲ್ಲಿಯೇ ಹೇಳಿದ್ದು. ದೋಸೆ ತಿನ್ನುತ್ತ ಅದರ ಲ್ಯಾಟಿನ್ ರೂಪವನ್ನು ಬಾಯಲ್ಲಿ ಎರಡು ಮೂರು ಸಲ ಹೇಳಿಕೊಂಡರು. ಮೊಮ್ಮಗುವಿಗೆ ಹೆಸರು ಆರಿಸುವ ಅಜ್ಜನ ಮುಖ ಹೀಗೇ ಇರುತ್ತದೆ.

ಸುದ್ದಿ ನಮ್ಮ ವಿಭಾಗದ ಮುಖ್ಯಸ್ಥರ ಕಿವಿಗೆ ಬಿದ್ದಿತು. ಅವರು ಹಲ್ಲು ಬಿಟ್ಟುಕೊಂಡು ಬಂದರು. ಸಂಸ್ಥೆಯನ್ನು ಕಟ್ಟಿದ ಹಿರಿಯರ ಹೆಸರನ್ನೇ ಇಟ್ಟರೆ ಆಡಳಿತ ಮಂಡಳಿಗೆ ಖುಷಿಯಾಗುತ್ತದೆ, ಇನ್‌ಕ್ಯುಬೇಟರೂ ಬಂದೀತು ಎಂದು ಸೂಚಿಸಿದರು.

"ಆಗ್ಲಿ ಬಿಡ್ರಿ," ಅಂದರು ಇವರು, ಕಣ್ಣು ಪ್ಲೇಟಿನಿಂದ ತೆಗೆಯದೆ. "ಹಕ್ಕಿ ಹಿಕ್ಕ್ಯಾಗೆ ಸಿಕ್ಕಿದ್ದಕ್ಕೆ ಹಿರಿಯರ ಹೆಸರಿಡ್ರಿ ಅಂತ ಮಂಡಳಿಯೋರ ಕೈಲಿ ಹೇಳಿಸ್ರಿ, ಇಡ್ತೀನಿ."

ಮುಖ್ಯಸ್ಥರ ಮುಖ ನೋಡಬೇಕಿತ್ತು. ಅವತ್ತಿನಿಂದ ಇವರ ಯಾವ ಅರ್ಜಿಗೂ ಅವರು ಬೇಗ ಸಹಿ ಹಾಕಲಿಲ್ಲ.

ಇಲ್ಲಿ ಒಂದು ನಿಯಮ ಹೇಳಬೇಕು. ಬ್ಯಾಕ್ಟೀರಿಯಾದ ಹೊಸ ಪ್ರಭೇದಕ್ಕೆ ಇಟ್ಟ ಹೆಸರಿಗೆ ಮಾನ್ಯತೆ ಸಿಗಬೇಕಾದರೆ ಬರೆದು ಪ್ರಕಟಿಸಿದರೆ ಸಾಲದು. ಅದು ಜೀವಂತವಾಗಿ ಎರಡು ಬೇರೆ ಬೇರೆ ದೇಶಗಳ ಸೂಕ್ಷ್ಮಜೀವಿ ಸಂಗ್ರಹಾಲಯಗಳಲ್ಲಿ ಇರಬೇಕು. ನಾಳೆ ಇನ್ಯಾರೋ ಕೇಳಿದರೆ ತೆಗೆದು ಬೆಳೆಸಿ ತೋರಿಸುವಂತಿರಬೇಕು. ಡಿಎನ್ಎ ವಿವರ ಕೈಯಲ್ಲಿದ್ದರೂ, ಫೋಟೊ ಇದ್ದರೂ, ಬೆಳೆಯುವ ಜೀವ ಇಲ್ಲದಿದ್ದರೆ ಅದು ಪಟ್ಟಿಗೆ ಸೇರುವುದಿಲ್ಲ. "ಜೀವ ಇಲ್ಲದ ಹೆಸರು ಹೆಸರಲ್ಲ ನೋಡವ್ವ," ಎಂದು ಅವರು ಹೇಳುತ್ತಿದ್ದರು. ಬೇರೆಯವರು ಬೈದುಕೊಳ್ಳುವ ಈ ನಿಯಮದ ಮೇಲೆ ಅವರಿಗೆ ಬಹಳ ಅಭಿಮಾನ.

ಹೊರದೇಶಕ್ಕೆ ಕಳಿಸಲು ಸರ್ಕಾರದ ಅನುಮತಿ ಬೇಕು. ಅದರ ದಾರಿ ಕಾಯುತ್ತ ಇದ್ದರು. ನಮ್ಮ ದೇಶದ ಸಂಗ್ರಹಾಲಯಕ್ಕೆ ಒಂದು ಸಲ ಕಳಿಸಿಯೂ ಆಗಿತ್ತು. ದಾರಿಯಲ್ಲೇ ಸತ್ತುಹೋಗಿತ್ತು, ಮತ್ತೆ ಕಳಿಸಿ ಎಂದು ಅಲ್ಲಿಯವರು ಬರೆದಿದ್ದರು. ಅಷ್ಟು ನಾಜೂಕಿನ ಜೀವಿ ಅದು. ಪ್ಲೇಟಿನ ಮೇಲೆ ಕೆಲವೇ ದಿನ ಬದುಕುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಪ್ಲೇಟಿಗೆ ದಾಟಿಸಬೇಕು, ಇಲ್ಲವೇ ಗ್ಲಿಸರಿನ್ ಬೆರೆಸಿ ಸಣ್ಣ ಕೊಳವೆಗಳಲ್ಲಿ ಫ್ರೀಜರಿನಲ್ಲಿ ಇಡಬೇಕು.

ಆ ಫ್ರೀಜರಿನ ವಿಷಯಕ್ಕೆ ಬಂದರೆ ನನಗೆ ಇವರ ಮೇಲೂ ಸಿಟ್ಟು ಬರುತ್ತದೆ. ಊರಲ್ಲೇ ವೈದ್ಯಕೀಯ ಕಾಲೇಜೊಂದರಲ್ಲಿ ಅವರ ಪರಿಚಯದ ಡಾಕ್ಟರೊಬ್ಬರು ಇದ್ದರು. ತಮ್ಮಲ್ಲಿ ಒಳ್ಳೆಯ ಫ್ರೀಜರ್ ಇದೆ, ಕರೆಂಟು ಹೋದರೆ ಜನರೇಟರ್ ಇದೆ, ನಾಲ್ಕು ಕೊಳವೆ ತಂದಿಡಿ ಎಂದು ತಾವಾಗಿಯೇ ಹೇಳಿದ್ದರು. ನಾನೂ ಒಯ್ದುಕೊಡುತ್ತೇನೆ ಅಂದೆ.

"ಬ್ಯಾಡ. ಅವರ ಫ್ರೀಜರ್‌ನಾಗೆ ಇಟ್ರೆ ನಾಳೆ ರಿಸರ್ಚ್ ಪೇಪರ್‌ನಾಗೆ ಅವರ ಹೆಸರೂ ಹಾಕಬೇಕಾಗ್ತೈತೆ."

"ಹಾಕಿದ್ರೆ ಏನಾತು ಸರ್?"

"ಅವರು ಹೊಳೆದಂಡ್ಯಾಗೆ ಕೂತಿದ್ರೇನು?"

ನಮ್ಮ ಮುರುಕಲು ಫ್ರೀಜರಿಗೇ ಎಲ್ಲ ಕೊಳವೆಗಳೂ ಹೋದವು. ಅದರ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ 'ಆಫ್ ಮಾಡಬೇಡಿ' ಎಂದು ಬರೆದು ಅಂಟಿಸಿದರು.

ದಸರಾ ಬಂತು. ಹಬ್ಬದ ರಜೆಯಲ್ಲಿ ದಿನ ಬಿಟ್ಟು ದಿನ ಬಂದು ಪ್ಲೇಟು ಬದಲಿಸುವುದು ಕಷ್ಟ ಎಂದು, ಭರಣಿಯಲ್ಲಿ ಬೆಳೆಯುತ್ತಿದ್ದುದನ್ನೂ ಕೊಳವೆಗೆ ತುಂಬಿ ಫ್ರೀಜರಿಗೆ ಸೇರಿಸಿದರು. ರಜೆ ಮುಗಿದ ಕೂಡಲೆ ಸಂಗ್ರಹಾಲಯಕ್ಕೆ ಎರಡನೇ ಸಲ ಕಳಿಸುವುದೆಂದು ಡಬ್ಬಿ, ಐಸು, ಕೊರಿಯರ್ ಎಲ್ಲ ಮಾತಾಡಿಟ್ಟಿದ್ದರು. ನಾನು ಹಬ್ಬಕ್ಕೆಂದು ಮೊದಲೇ ಗಂಡನ ಊರಿಗೆ ಹೊರಟೆ. ಅವರು ಚೀಟಿಗೆ ಇನ್ನೊಂದು ಟೇಪು ಹಚ್ಚಿ, ಮನೆಯ ಮಹಾನವಮಿಗೆ ಹರಿಹರಕ್ಕೆ ಹೋದರು.

ಆ ವರ್ಷ ಆಯುಧ ಪೂಜೆಗೆ ಚೆನ್ನಾಗಿ ಅಲಂಕಾರ ಮಾಡಿದ ವಿಭಾಗಕ್ಕೆ ಬಹುಮಾನ ಇಟ್ಟಿದ್ದರು. ನಮ್ಮ ಮುಖ್ಯಸ್ಥರಿಗೆ ಎಲ್ಲಿಲ್ಲದ ಹುಮ್ಮಸ್ಸು. ಸೂಕ್ಷ್ಮದರ್ಶಕಗಳನ್ನು ಸಾಲಾಗಿ ಇಟ್ಟು ಚೆಂಡುಹೂ ಮುಡಿಸಿದರು. ತಕ್ಕಡಿಗೆ ಕುಂಕುಮ, ಕುಕ್ಕರಿಗೆ ಬಾಳೆಕಂದು. ಫ್ರೀಜರಿನ ಮೈ ಜಿಡ್ಡಾಗಿತ್ತು, ಒಳಗೆ ಮಂಜುಗಡ್ಡೆ ಕಟ್ಟಿತ್ತು. ಅಟೆಂಡರ್ ಅಕ್ಕ ಚೀಟಿ ತೋರಿಸಿ ಅನುಮಾನಿಸಿದಳಂತೆ. "ಪೂಜಿ ದಿನ ಯಂತ್ರ ನಡೆಸಬಾರದಮ್ಮ. ಅದಕ್ಕೂ ಒಂದಿನ ವಿಶ್ರಾಂತಿ ಬ್ಯಾಡೇನು?" ಎಂದು ಮುಖ್ಯಸ್ಥರು ತಾವೇ ಸ್ವಿಚ್ಚು ಆರಿಸಿದರಂತೆ. ಕೊಳವೆಗಳ ಡಬ್ಬಿ ಹೊರಗೆ ತೆಗೆದು, ಒಳಗೆಲ್ಲ ಒರೆಸಿ, ಡಬ್ಬಿಯನ್ನು ಮತ್ತೆ ನೀಟಾಗಿ ಒಳಗಿಟ್ಟರಂತೆ. ಚೀಟಿ ಅಸಹ್ಯವಾಗಿ ಕಾಣುತ್ತದೆಂದು ಕಿತ್ತು, ಅದೇ ಜಾಗದಲ್ಲಿ ಮೂರು ಬೆರಳಿನಿಂದ ವಿಭೂತಿ ಎಳೆದು ಕುಂಕುಮ ಇಟ್ಟರಂತೆ. ಮಂಗಳಾರತಿ ಆಯಿತು, ಫೋಟೊ ಆಯಿತು, ಚುರುಮುರಿ ಬೆಲ್ಲ ಹಂಚಿದ್ದಾಯಿತು. ಬಾಗಿಲಿಗೆ ಬೀಗ ಹಾಕಿಕೊಂಡು ಎಲ್ಲರೂ ಹಬ್ಬಕ್ಕೆ ಹೋದರು. ಬಹುಮಾನ ನಮ್ಮ ವಿಭಾಗಕ್ಕೇ ಬಂದಿತು.

ರಜೆ ಮುಗಿದ ಮೇಲೆ ನಾನೂ ಅವರೂ ಒಂದೇ ಹೊತ್ತಿಗೆ ಲ್ಯಾಬಿಗೆ ಬಂದೆವು. ಬಾಡಿದ ಚೆಂಡುಹೂವಿನ ವಾಸನೆ. ಅವರು ಹೊಸ್ತಿಲಲ್ಲೇ ನಿಂತರು.

"ಸಪ್ಪಳ ಇಲ್ಲ," ಅಂದರು.

ನನಗೆ ಅರ್ಥವಾಗಲಿಲ್ಲ. ಆ ಹಳೆಯ ಫ್ರೀಜರಿನ ಗೊರಗೊರ ಸದ್ದನ್ನು ನಾವೆಲ್ಲ ಕೇಳಿ ಕೇಳಿ ಮರೆತಿದ್ದೆವು. ಅವರು ಬ್ಯಾಗನ್ನೂ ಇಳಿಸದೆ ನೇರವಾಗಿ ಹೋಗಿ ಬಾಗಿಲು ತೆಗೆದರು. ಒಳಗಿನಿಂದ ಬೆಚ್ಚನೆಯ ಗಾಳಿ ಬಂತು. ವಿಭೂತಿ ಅವರ ಕೈಗೆ ಮೆತ್ತಿತು. ಅವರು ಆ ಕೈಯನ್ನು ನೋಡಿಕೊಂಡರು, ಬಹಳ ಹೊತ್ತು ನೋಡಿಕೊಂಡರು. ಅಷ್ಟು ಸಿಡುಕಿನ ಮನುಷ್ಯ, ಅವತ್ತು ಯಾರಿಗೂ ಬೈಯಲಿಲ್ಲ.

ಒಂದೊಂದೇ ಕೊಳವೆಯಿಂದ ತೆಗೆದು ಹೊಸ ಪ್ಲೇಟುಗಳ ಮೇಲೆ ಸವರಿದರು. ಭರಣಿಯಲ್ಲಿಟ್ಟು ಮೇಣದಬತ್ತಿ ಹಚ್ಚಿದರು. ಪ್ಲೇಟು ಮುಗಿದಾಗ ಮತ್ತೆ ರಕ್ತ ತಂದರು, ಮತ್ತೆ ಹಚ್ಚಿದರು. ಏನೂ ಬೆಳೆಯಲಿಲ್ಲ. ಮುಖ್ಯಸ್ಥರು ಬಂದು ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟು: "ಹಕ್ಕಿ ಎಲ್ಲಿ ಹೋಗ್ತಾವ್ರಿ? ಅಲ್ಲೇ ಅದಾವಲ್ಲ. ಇನ್ನೊಂದು ಸಲ ತಗೊಂಡ್ ಬಂದ್ರಾತು."

ಇವರು ಹೋದರು. ನಿವೃತ್ತಿಯಾಗುವ ತನಕ ಹೋದರು. ಅದೇ ದಂಡೆ, ಅದೇ ಪ್ಲಾಸ್ಟಿಕ್ ಹಾಳೆ. ಹಕ್ಕಿಗಳು ಇದ್ದವು, ಹಿಕ್ಕೆಯೂ ಇತ್ತು. ಆ ಬ್ಯಾಕ್ಟೀರಿಯಾ ಮಾತ್ರ ಇನ್ನೊಮ್ಮೆ ಸಿಗಲಿಲ್ಲ. ಅಷ್ಟರಲ್ಲಿ ಹೊರದೇಶಕ್ಕೆ ಕಳಿಸಬಹುದು ಎಂಬ ಸರ್ಕಾರದ ಅನುಮತಿಯೂ ಬಂದಿತು. ಕಳಿಸಲು ಏನಿತ್ತು? ಅವರು ನಿವೃತ್ತರಾದ ದಿನ ಮುಖ್ಯಸ್ಥರೇ ಶಾಲು ಹೊದಿಸಿದರು. ಇವರು ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು.

ಆಮೇಲೆ ಎರಡು ಮೂರು ವರ್ಷಕ್ಕೆ, ದೂರದ ಒಂದು ದೇಶದವರು ನೀರುಕಾಗೆಯ ಹೊಟ್ಟೆಯಿಂದ ಹೊಸ ಪ್ರಭೇದ ಪತ್ತೆ ಮಾಡಿದ ಲೇಖನ ನನ್ನ ಕಣ್ಣಿಗೆ ಬಿತ್ತು. ಇವರ ಡಿಎನ್ಎ ವಿವರದ ಜೊತೆ ಹೋಲಿಸಿದೆ. ಅದೇ. ಅನುಮಾನವೇ ಇಲ್ಲ. ಹೇಳಬೇಕೋ ಬೇಡವೋ ಎಂದು ಒದ್ದಾಡಿ, ಇವರಿಂದ ಮುಚ್ಚಿಡುವುದು ಅವಮಾನ ಅನ್ನಿಸಿ, ಭಾನುವಾರ ಹರಿಹರದ ಬಸ್ಸು ಹತ್ತಿದೆ.

"ಬಾ ತಂಗಿ, ಕೂಡು," ಎಂದು ಅವರ ಹೆಂಡತಿ ಒಗ್ಗರಣೆ ಮಂಡಕ್ಕಿ ತಂದಿಟ್ಟರು. "ಹಕ್ಕಿ ಹಿಕ್ಕೆನ ಕಣ್ಣಿಗೆ ಒತ್ತಿಕೊಂಡು ನೋಡಿದಂಗೆ ಒಂದಿನ ನನ್ನ ಅಡಿಗಿ ನೋಡಿಲ್ಲ ನಿಮ್ಮ ಸರ್ರು."

ಅವರು ಕನ್ನಡಕ ಏರಿಸಿ ಲೇಖನವನ್ನು ಮೊದಲಿಂದ ಕೊನೆಯ ತನಕ ಓದಿದರು. ಮಂಡಕ್ಕಿ ಮೆತ್ತಗಾಯಿತು. ಓದಿ ಮುಗಿಸಿ, "ಅವರ ಫ್ರೀಜರ್‌ಗೆ ಪೂಜಿ ಇಲ್ಲ ಅಂತ ಕಾಣ್ತೈತೆ," ಅಂದರು.

ಮತ್ತೆ ಮೊದಲ ಪುಟಕ್ಕೆ ತಿರುಗಿಸಿದರು.

"ಗುಣ ಎಲ್ಲಾ ಅದೇ ಬರೆದಾರ. ಸಕ್ಕರೆ, ಉಪ್ಪು, ಬಿಸಿ ಎಲ್ಲಾ ಅದೇ. ಅಂದ್ರೆ ನಾವು ನೋಡಿದ್ದು ಬರೋಬ್ಬರಿ ಇತ್ತು."

"ಇತ್ತು ಸರ್."

"ಹೆಸರು ಯಾರೋ ಅವರ ದೊಡ್ಡ ಪ್ರೊಫೆಸರ್‌ದು ಇಟ್ಟಾರ." ಹಾಳೆಗಳನ್ನು ನನ್ನ ಕಡೆ ಸರಿಸಿ, "ಕೈ ತೊಳಕೊಂಡು ಬರ್ತೀನಿ," ಎಂದು ಎದ್ದು ಒಳಗೆ ಹೋದರು. ಅವರು ಮಂಡಕ್ಕಿ ಮುಟ್ಟಿಯೇ ಇರಲಿಲ್ಲ. ಬಚ್ಚಲಲ್ಲಿ ನಲ್ಲಿಯ ನೀರು ಬೀಳುವ ಸದ್ದು ಕೇಳುತ್ತಲೇ ಇತ್ತು. ನಾನು ಬಸ್ಸಿಗೆ ಹೊರಡುವ ತನಕ ಅವರು ಹೊರಗೆ ಬರಲಿಲ್ಲ.

ಈ ವರ್ಷ ಮಳೆಗಾಲದ ಶುರುವಿನಲ್ಲಿ ಅವರು ತೀರಿಕೊಂಡರು. ಎದೆನೋವು ಬಂದು ದಾವಣಗೆರೆಯ ಆಸ್ಪತ್ರೆಗೆ ತರುವಷ್ಟರಲ್ಲಿ ಮುಗಿದಿತ್ತು. ಅಂದಿನ ಮುಖ್ಯಸ್ಥರು ಈಗ ನಮ್ಮ ಪ್ರಿನ್ಸಿಪಾಲರು. ಶ್ರದ್ಧಾಂಜಲಿ ಸಭೆಯಲ್ಲಿ, ಇವರು ಹಕ್ಕಿಗಳಲ್ಲಿ ಹಲವಾರು ವೈರಸ್‌ಗಳನ್ನು ಕಂಡುಹಿಡಿದು ಸಂಸ್ಥೆಯ ಕೀರ್ತಿ ಹೆಚ್ಚಿಸಿದರು ಎಂದು ಗದ್ಗದಿತರಾಗಿ ಹೇಳಿದರು. ವೈರಸ್ ಅಂತೆ! ಹಲವಾರು ಅಂತೆ! ಬದುಕಿದ್ದರೆ ಎದ್ದುಹೋಗಿ ಚಾಕ್‌ಪೀಸಿನಿಂದ ತಿದ್ದುತ್ತಿದ್ದರು. ಲ್ಯಾಬಿಗೆ ಅವರ ಹೆಸರಿಡುವ ತೀರ್ಮಾನವೂ ಅದೇ ಸಭೆಯಲ್ಲಿ ಆಯಿತು. ಜೀವ ಇಲ್ಲದ ಹೆಸರು ಹೆಸರಲ್ಲ ಎಂದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದರು. ಅವರ ನಿಯಮವನ್ನು ನಾನಾದರೂ ಪಾಲಿಸೋಣವೆಂದು ಅದನ್ನು ಇಲ್ಲಿ ಬರೆದಿಲ್ಲ.

ಈ ಸಲದ ಆಯುಧ ಪೂಜೆಗೆ ಆ ಗ್ರಾನೈಟಿಗೂ ವಿಭೂತಿ ಎಳೆದು ಹೂ ಹಾಕಿದರು. ನಾನು ರಜೆ ಹಾಕಲಿಲ್ಲ. ಬೆಳಿಗ್ಗೆಯೇ ಲ್ಯಾಬಿಗೆ ಹೋಗಿ, ಫ್ರೀಜರಿನ ಸ್ವಿಚ್ಚಿಗೆ ಬೆನ್ನು ಕೊಟ್ಟು ಕುರ್ಚಿ ಹಾಕಿಕೊಂಡು ಕೂತೆ. ಹೊರಗೆ ತಳಿರು ಕಟ್ಟುವ ಗಲಾಟೆ. ಅಟೆಂಡರ್ ಅಕ್ಕ ಒದ್ದೆ ಬಟ್ಟೆ ಹಿಡಿದು ಬಂದಳು.

"ಸ್ವಲ್ಪ ಏಳ್ರಿ ಮೇಡಂ. ಆಫ್ ಮಾಡಿ ಒರೆಸಿಬಿಡ್ತೀನಿ."

"ಆಫ್ ಮಾಡೋದು ಬ್ಯಾಡ ಅಕ್ಕ."

"ಯಾಕ್ರಿ, ಒಳಗೆ ಏನೈತೆ?"

"ಏನೂ ಇಲ್ಲ."

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಏಳಲಿಲ್ಲ.